ಬೀಗದ ಕೈಯವನೂ ಕಳ್ಳನೂ ಆಂಟಿವೈರಸ್ಸಿಗೆ ಒಂದೇ!

ಬ್ಲಾಗಿನ ಕಡೆ ತಲೆ ಹಾಕದೆ ಎಷ್ಟೋ ತಿಂಗಳಾಯಿತು. ಒಬ್ಬಿಬ್ಬರು ಗೆಳೆಯರು "ಅಂಗಡಿ ಮುಚ್ಚಿದೆಯೇನಯ್ಯಾ?" ಅಂತ ಕೇಳಿದ್ದೂ ಆಯಿತು. ಮುಚ್ಚಿಲ್ಲ, ಬಾಗಿಲು ಸ್ವಲ್ಪ ಮುಂದಕ್ಕೆ ಎಳೆದಿದ್ದೆ ಅಷ್ಟೇ :-) ಮತ್ತೆ ಬರೆಯೋಕೆ ಒಂದು ನೆಪ ಬೇಕಿತ್ತು. ಅದನ್ನು ನಮ್ಮ ದೊಡ್ಡಪ್ಪನ ಹಳೇ ಕಂಪ್ಯೂಟರ್ ಒದಗಿಸಿತು.

ದೊಡ್ಡಪ್ಪ ಬ್ಯಾಂಕಿನಿಂದ ನಿವೃತ್ತರಾದ ಮೇಲೆ, 2005ರಲ್ಲಿ, ಎಸ್.ಪಿ. ರೋಡಿಗೆ ಹೋಗಿ ಅಂಗಡಿಯವನ ಜೊತೆ ಒಂದು ಗಂಟೆ ಚೌಕಾಸಿ ಮಾಡಿ ಜೋಡಿಸಿಕೊಂಡು ತಂದ ಯಂತ್ರ ಅದು. ಜಯನಗರ ಏಳನೇ ಬ್ಲಾಕಿನ ಮನೆಯ ಹಾಲಿನಲ್ಲಿ, ದೊಡ್ಡಮ್ಮ ಕಸೂತಿ ಹಾಕಿದ ಬಟ್ಟೆ ಹೊದ್ದುಕೊಂಡು ಕೂತಿರುತ್ತಿತ್ತು. ಸಂಜೆ ವಾಕಿಂಗ್ ಮುಗಿಸಿ ಬಂದು, ಕಾಫಿ ಕುಡಿದು, ಬಟ್ಟೆ ಸರಿಸಿ ಕೂತರೆಂದರೆ ಅಮೆರಿಕದಲ್ಲಿರುವ ಮಗಳಿಗೆ ಪತ್ರ. ಫೋನಿನಲ್ಲಿ ಎಷ್ಟೇ ಮಾತಾಡಿದ್ದರೂ ವಾರಕ್ಕೊಂದು ಪತ್ರ ತಪ್ಪುತ್ತಿರಲಿಲ್ಲ. ಅದಕ್ಕೋಸ್ಕರವೇ ಅರವತ್ತೆರಡನೇ ವಯಸ್ಸಿನಲ್ಲಿ ಹಟ ಹಿಡಿದು ನುಡಿ ತಂತ್ರಾಂಶ ಕಲಿತರು. ಸ್ಕ್ರಾಲ್ ಲಾಕ್ ಒತ್ತಿದರೆ ಕನ್ನಡ ಬರುತ್ತದೆ ಅನ್ನೋದನ್ನ ನನಗೆ ಹೇಳಿಕೊಟ್ಟವರೇ ಅವರು!

ಅವರು ಹೋಗಿ ಎರಡು ವರ್ಷವಾಯಿತು. ಮೊನ್ನೆ ಮನೆಗೆ ಸುಣ್ಣಬಣ್ಣ ಮಾಡಿಸುವಾಗ ದೊಡ್ಡಮ್ಮ ಕರೆದು, "ಇದನ್ನ ಗುಜರಿಗೆ ಹಾಕೋಕೆ ಮುಂಚೆ ಒಳಗಡೆ ಅವರ ಕಾಗದ ಏನಾದ್ರೂ ಇದ್ರೆ ತೆಗೆದುಕೊಡೋ, ನಿಮ್ಮಕ್ಕ ಕೇಳ್ತಿದಾಳೆ" ಅಂದರು. ಅಕ್ಕನ ಆಗಿನ ಮಿಂಚಂಚೆ ಖಾತೆ ಎಂದೋ ಮುಚ್ಚಿಹೋಗಿತ್ತು. ಅವಳ ಹತ್ತಿರ ಅಪ್ಪನ ಪತ್ರ ಒಂದೂ ಉಳಿದಿರಲಿಲ್ಲ.

ಯಂತ್ರ ಪವಾಡದ ಹಾಗೆ ಆನ್ ಆಯಿತು. ವಿಂಡೋಸ್ ಎಕ್ಸ್‌ಪಿ, ಔಟ್‌ಲುಕ್ 2003. ಬಂದ ಮತ್ತು ಕಳಿಸಿದ ಅಂಚೆಯನ್ನೆಲ್ಲ ಒಂದೇ ಗಂಟಿನಲ್ಲಿ ಕಟ್ಟಿಡುವ ಪಿಎಸ್‌ಟಿ ಫೈಲೂ ಇತ್ತು. ತೆರೆಯಲು ಹೋದರೆ ಪಾಸ್‌ವರ್ಡ್ ಕೇಳಿತು. ಅಕ್ಕನ ಹೆಸರು, ಮನೆ ನಂಬರು, ಸ್ಕೂಟರಿನ ನಂಬರು, ದೊಡ್ಡಮ್ಮನ ಹುಟ್ಟಿದ ದಿನ... ಯಾವುದೂ ಅಲ್ಲ. (ಕೊನೆಯದಕ್ಕೆ ದೊಡ್ಡಮ್ಮ "ಅದು ಅವರಿಗೆ ಯಾವತ್ತು ನೆನಪಿತ್ತು ಬಿಡು" ಅಂದರು.)

ನಾನು ಜಂಬದಿಂದ ನನ್ನ ಲ್ಯಾಪ್‌ಟಾಪ್ ತೆಗೆದೆ. ನಿರ್ ಸೋಫರ್ ಎಂಬಾತ ತನ್ನ ನಿರ್‌ಸಾಫ್ಟ್ ತಾಣದಲ್ಲಿ ವರ್ಷಗಳಿಂದ ಪುಕ್ಕಟೆಯಾಗಿ ಹಂಚುತ್ತಿರುವ ಪುಟ್ಟ ಪುಟ್ಟ ತಂತ್ರಾಂಶಗಳು ನಿಮ್ಮಲ್ಲಿ ಹಲವರಿಗೆ ಗೊತ್ತಿರುತ್ತವೆ. ಅದರಲ್ಲಿ 'ಪಿಎಸ್‌ಟಿ ಪಾಸ್‌ವರ್ಡ್' ಅನ್ನೋದು ಒಂದು. ಇಳಿಸಿಕೊಂಡೆ. ಇಳಿದು ಮುಗಿಯುವ ಹೊತ್ತಿಗೆ ಆಂಟಿವೈರಸ್ ಕೆಂಪು ಪೆಟ್ಟಿಗೆ ತೋರಿಸಿ, 'ಅಪಾಯ ಪತ್ತೆಯಾಗಿದೆ' ಅಂತ ಕೂಗಿ, ಫೈಲನ್ನು ನುಂಗಿಯೇಬಿಟ್ಟಿತು.

"ಏನದು, ವೈರಸ್ಸಾ?" ದೊಡ್ಡಮ್ಮ ಹಿಂದೆಯೇ ನಿಂತಿದ್ದರು.

"ವೈರಸ್ ಅಲ್ಲ ದೊಡ್ಡಮ್ಮ, ಮರೆತುಹೋದ ಪಾಸ್‌ವರ್ಡ್ ಹುಡುಕಿಕೊಡೋದು. ಇದು ಸುಮ್ಮನೆ ಹೆದರಿಸುತ್ತೆ."

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಲ್ಲ ಕಣೋ, ಅವರೇ ಬೀಗ ಹಾಕಿಟ್ಟಿದಾರೆ ಅಂದ್ಮೇಲೆ ನಾವು ತೆಗೀಬಹುದಾ?" ಅಂದರು.

ಇದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿಕೊಂಡು ಜೆ.ಪಿ. ನಗರಕ್ಕೆ ವಾಪಸ್ ಬಂದೆ. ಆದರೆ ತಲೆಯಲ್ಲಿ ಹುಳ ಬಿಟ್ಟ ಹಾಗಾಗಿತ್ತು. ದೊಡ್ಡಮ್ಮ ಕೇಳಿದ್ದೂ ಆಂಟಿವೈರಸ್ ಕೂಗಿದ್ದೂ ಒಂದೇ ಅಲ್ಲವಾ? ಆಮೇಲಿನ ಒಂದು ವಾರ ರಾತ್ರಿಯೆಲ್ಲ ಇದರ ಹಿಂದೆಮುಂದೆ ಓದಿದೆ. ಅದನ್ನೇ ಇಲ್ಲಿ ಕೊರೆಯುತ್ತಿದ್ದೇನೆ, ಸಹಿಸಿಕೊಳ್ಳಿ.

ಕಂಪ್ಯೂಟರಿನಲ್ಲಿ ಪಾಸ್‌ವರ್ಡ್ ಅನ್ನೋದು ಮೊದಲು ಬಳಕೆಗೆ ಬಂದ ಜಾಗಗಳಲ್ಲಿ ಅಮೆರಿಕದ ಎಂಐಟಿ ಒಂದು. ಒಂದೇ ದೊಡ್ಡ ಯಂತ್ರವನ್ನು ಹಲವರು ಹಂಚಿಕೊಳ್ಳುವ ಸಿಟಿಎಸ್‌ಎಸ್ ಎಂಬ ವ್ಯವಸ್ಥೆ 1960ರ ದಶಕದ ಆರಂಭದಲ್ಲಿ ಅಲ್ಲಿತ್ತು. ಒಬ್ಬೊಬ್ಬರಿಗೆ ಇಂತಿಷ್ಟೇ ಸಮಯ ಅಂತ ಪಡಿತರ. 1962ರಲ್ಲಿ ಅಲನ್ ಶೆರ್ ಎಂಬ ಸಂಶೋಧನಾ ವಿದ್ಯಾರ್ಥಿಗೆ ಆ ಪಡಿತರ ಸಾಲಲಿಲ್ಲ. ಪಾಸ್‌ವರ್ಡ್ ಫೈಲನ್ನು ಮುದ್ರಿಸುವಂತೆ ಒಂದು ಪಂಚ್ ಕಾರ್ಡ್ ಕೊಟ್ಟ. ಯಂತ್ರ ವಿಧೇಯವಾಗಿ ಎಲ್ಲರ ಪಾಸ್‌ವರ್ಡನ್ನೂ ಮುದ್ರಿಸಿಕೊಟ್ಟಿತು! ಬಹಳ ವರ್ಷಗಳ ನಂತರ ಅವನೇ ಇದನ್ನು ಒಪ್ಪಿಕೊಂಡ. 1966ರಲ್ಲಿ ಅದೇ ವ್ಯವಸ್ಥೆಯಲ್ಲಿ ಇನ್ನೊಂದು ಎಡವಟ್ಟು. ಎರಡು ಫೈಲು ಅದಲುಬದಲಾಗಿ, ಒಳಗೆ ಬಂದವರಿಗೆಲ್ಲ ಸ್ವಾಗತ ಸಂದೇಶದ ಬದಲು ಊರವರ ಪಾಸ್‌ವರ್ಡ್ ಪಟ್ಟಿ ಕಾಣಿಸಿತು. ಶೆರ್ ಮಾಡಿದ್ದಕ್ಕೆ ಯಾವ ಕಳ್ಳ ಸಾಧನವೂ ಬೇಕಾಗಿರಲಿಲ್ಲ ಅನ್ನೋದು ಗಮನಿಸಿ. ಮುದ್ರಿಸು ಅಂದ, ಮುದ್ರಿಸಿತು.

ಇದಕ್ಕೆ ಮದ್ದು ಅಂತ ಬಂದದ್ದು, ಪಾಸ್‌ವರ್ಡನ್ನೇ ಇಡದೆ ಅದನ್ನು ರುಬ್ಬಿದ ಹಿಟ್ಟನ್ನು ಮಾತ್ರ ಇಡೋದು. ಯುನಿಕ್ಸ್‌ನಲ್ಲಿ ಇದನ್ನು ಹೇಗೆ ಮಾಡಿದರು ಅಂತ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ 1979ರಲ್ಲಿ ಬರೆದ ಲೇಖನ ಈಗಲೂ ಓದಿಸಿಕೊಂಡು ಹೋಗುತ್ತದೆ. ದೋಸೆ ಹಿಟ್ಟಿನಿಂದ ಅಕ್ಕಿ ವಾಪಸ್ ತೆಗೆಯೋಕಾಗುತ್ತಾ? ನೀವು ಪಾಸ್‌ವರ್ಡ್ ಕೊಟ್ಟಾಗ ಯಂತ್ರ ಅದನ್ನೂ ರುಬ್ಬಿ, ಎರಡು ಹಿಟ್ಟೂ ಒಂದೇನಾ ಅಂತ ನೋಡುತ್ತದೆ. ಇಬ್ಬರ ಪಾಸ್‌ವರ್ಡ್ ಒಂದೇ ಆಗಿದ್ದರೂ ಹಿಟ್ಟು ಬೇರೆ ಬೇರೆ ಆಗಲಿ ಅಂತ ಒಬ್ಬೊಬ್ಬರದಕ್ಕೂ ಬೇರೆ ಬೇರೆ ಚಿಟಿಕೆ ಉಪ್ಪು ಹಾಕುತ್ತಾರೆ. ಉಪ್ಪು ಅನ್ನೋದು ನನ್ನ ಉಪಮೆ ಅಲ್ಲ, ಅವರು ಅದನ್ನು ಕರೆಯೋದೇ 'ಸಾಲ್ಟ್' ಅಂತ :-)

ಆದರೆ ಮಿಂಚಂಚೆ ತಂತ್ರಾಂಶದ ಕಷ್ಟವೇ ಬೇರೆ. ಔಟ್‌ಲುಕ್ ಎಕ್ಸ್‌ಪ್ರೆಸ್ ಪ್ರತಿ ಸಲ ಅಂಚೆ ತರಲು ಸರ್ವರಿನ ಬಾಗಿಲಿಗೆ ಹೋದಾಗ ನಿಜವಾದ ಪಾಸ್‌ವರ್ಡನ್ನೇ ಹೇಳಬೇಕು. ಹಿಟ್ಟು ಕೊಟ್ಟರೆ ನಡೆಯೋದಿಲ್ಲ, ಅಕ್ಕಿಯೇ ಬೇಕು. ಆದ್ದರಿಂದ ಅದು ವಾಪಸ್ ತೆಗೆಯಲು ಬರುವ ಹಾಗೇ ಎಲ್ಲೋ ಬಚ್ಚಿಡಬೇಕು. ಎಕ್ಸ್‌ಪಿ ಕಾಲದಲ್ಲಿ ಆ 'ಎಲ್ಲೋ' ಅನ್ನೋದರ ಹೆಸರು ಪ್ರೊಟೆಕ್ಟೆಡ್ ಸ್ಟೋರೇಜ್. ಹೆಸರು ಭದ್ರವಾಗಿದೆ, ಆದರೆ ನೀವು ಲಾಗಿನ್ ಆಗಿದ್ದಾಗ ನಿಮ್ಮ ಹೆಸರಿನಲ್ಲಿ ಓಡುವ ಯಾವ ತಂತ್ರಾಂಶ ಬಂದು ಕೇಳಿದರೂ ಕೊಡುತ್ತಿತ್ತು. ಪರದೆಯ ಮೇಲೆ ಕಾಣುತ್ತಿದ್ದ ನಕ್ಷತ್ರಗಳಂತೂ ಬರೀ ಪರದೆಯ ಶೃಂಗಾರ. 1990ರ ದಶಕದ ಕೊನೆಯಲ್ಲಿ 'ರೆವೆಲೇಶನ್' ಅಂತ ಒಂದು ಪುಟಾಣಿ ತಂತ್ರಾಂಶ ಇತ್ತು, ಆ ನಕ್ಷತ್ರಗಳ ಮೇಲೆ ಎಳೆದುಕೊಂಡು ಹೋಗಿ ಬಿಟ್ಟರೆ ಹಿಂದಿದ್ದ ಅಕ್ಷರ ಹೇಳಿಬಿಡುತ್ತಿತ್ತು. ಅದೇನೂ ಬೀಗ ಒಡೆಯುತ್ತಿರಲಿಲ್ಲ. 'ನಿನ್ನೊಳಗಿರುವ ಅಕ್ಷರ ಏನಪ್ಪಾ?' ಅಂತ ವಿಂಡೋಸ್‌ನ ಆ ಡಬ್ಬಿಯನ್ನೇ ಕೇಳುತ್ತಿತ್ತು, ಡಬ್ಬಿ ಹೇಳುತ್ತಿತ್ತು. ನಿರ್ ಸೋಫರ್‌ನ ತಂತ್ರಾಂಶಗಳಲ್ಲಿ ಹಲವು ಮಾಡೋದೂ ಇಷ್ಟೇ. ವಿಂಡೋಸ್ ಬಚ್ಚಿಟ್ಟಿದ್ದನ್ನು ವಿಂಡೋಸ್ ಕೈಲೇ ತೆಗೆಸಿ ತೋರಿಸೋದು.

ಸರಿ, ಇಷ್ಟು ಸಾಧುಪ್ರಾಣಿಯ ಮೇಲೆ ಆಂಟಿವೈರಸ್ಸಿಗೆ ಯಾಕೆ ಈ ಕೋಪ?

ಕೆಲವು ವರ್ಷ ಹಿಂದಕ್ಕೆ ಬನ್ನಿ. ಜಯನಗರ ಕಾಂಪ್ಲೆಕ್ಸಿನ ಸುತ್ತಮುತ್ತಲ ಜೆರಾಕ್ಸ್ ಅಂಗಡಿಗಳು, ಬಿಟಿಎಂ ಲೇಔಟಿನ ಸೈಬರ್ ಕೆಫೆಗಳು ನೆನಪಿದೆಯಾ? ಬಯೋಡೇಟಾ ಪ್ರಿಂಟ್ ಹಾಕಿಸೋಕೆ ಪೆನ್‌ಡ್ರೈವ್ ಚುಚ್ಚಿದರೆ ವಾಪಸ್ ಬರುವಾಗ ಅದರ ತುಂಬ ಹೊಸ ಹೊಸ ಫೋಲ್ಡರುಗಳು! ಚುಚ್ಚಿದ ಕೂಡಲೇ ತಾನೇ ಓಡುವ ಆಟೋರನ್ ಸೌಲಭ್ಯದ ಪ್ರಸಾದ ಅದು. 2006ರಲ್ಲಿ ಇದೇ ಸೌಲಭ್ಯ ಹಿಡಿದು 'ಯುಎಸ್‌ಬಿ ಸ್ವಿಚ್‌ಬ್ಲೇಡ್' ಅನ್ನೋದೊಂದು ಬಂತು. ಇಂಥ ಪಾಸ್‌ವರ್ಡ್ ತಂತ್ರಾಂಶಗಳನ್ನೆಲ್ಲ ಪೆನ್‌ಡ್ರೈವಿನಲ್ಲಿ ಪೇರಿಸಿಟ್ಟು, ಚುಚ್ಚಿದ ಕೆಲವು ಕ್ಷಣಗಳಲ್ಲೇ ಆ ಯಂತ್ರದ ಗುಟ್ಟುಗಳನ್ನು ಸದ್ದಿಲ್ಲದೆ ಬಾಚಿಕೊಳ್ಳುವ ಏರ್ಪಾಡು. (ಪೆನ್‌ಡ್ರೈವಿನ ಆಟೋರನ್‌ಗೆ ಹಳೇ ವಿಂಡೋಸ್‌ಗಳಲ್ಲೂ ಮೈಕ್ರೋಸಾಫ್ಟ್ ಬೀಗ ಜಡಿದದ್ದು 2011ರಲ್ಲಿ, ಊರೆಲ್ಲ ಕೊಳ್ಳೆಹೋದ ಮೇಲೆ.) ಆಮೇಲಿನ ದಿನಗಳಲ್ಲಿ ದೊಡ್ಡ ಕಳ್ಳರೂ ಇದೇ ದಾರಿ ಹಿಡಿದರು. ಎಮೊಟೆಟ್ ಎಂಬ ಕುಖ್ಯಾತ ಕುತಂತ್ರಾಂಶದ ಬಗ್ಗೆ 2018ರ ಜುಲೈನಲ್ಲಿ ಅಮೆರಿಕ ಸರ್ಕಾರದ ಸೈಬರ್ ವಿಭಾಗ ಹೊರಡಿಸಿದ ಎಚ್ಚರಿಕೆಯಲ್ಲಿ, ಅದು ಹೊತ್ತು ತಿರುಗುವ ಸಾಮಾನುಗಳ ಪಟ್ಟಿಯಲ್ಲಿ ನಿರ್‌ಸಾಫ್ಟ್‌ನ 'ಮೇಲ್ ಪಾಸ್‌ವ್ಯೂ' ಮತ್ತು 'ವೆಬ್ ಬ್ರೌಸರ್ ಪಾಸ್‌ವ್ಯೂ' ಹೆಸರು ಹೇಳಿಯೇ ಇದ್ದವು. ತಾವೇ ಯಾಕೆ ಕಷ್ಟಪಟ್ಟು ಬರೆಯಬೇಕು, ಚೆನ್ನಾಗಿ ಕೆಲಸ ಮಾಡೋದು ಪುಕ್ಕಟೆ ಸಿಗುತ್ತಿರುವಾಗ!

ಅಂದರೆ ಆಂಟಿವೈರಸ್ ಮಾಡಿದ್ದು ಪೂರ್ತಿ ಮೂರ್ಖತನ ಅಲ್ಲ. ಹೊಸಕೋಟೆಯ ಯಾವುದೋ ಕಚೇರಿಯ ಲೆಕ್ಕಪತ್ರ ವಿಭಾಗದ ಕಂಪ್ಯೂಟರಿನಲ್ಲಿ ನಡುರಾತ್ರಿ 'ಮೇಲ್ ಪಾಸ್‌ವ್ಯೂ' ಓಡಿದರೆ ಅಲ್ಲಿ ಯಾರೋ ದೊಡ್ಡಪ್ಪನ ಪತ್ರ ಹುಡುಕುತ್ತಿರೋದಿಲ್ಲ. ನನ್ನದೂ ಆ ಕಳ್ಳನದೂ ಒಂದೇ ಫೈಲು, ಒಂದು ಅಕ್ಷರವೂ ವ್ಯತ್ಯಾಸ ಇಲ್ಲ. ಬೇರೆ ಇರೋದು ಕೂತಿರುವ ಮನುಷ್ಯ, ಅವನು ಆಂಟಿವೈರಸ್ಸಿಗೆ ಕಾಣೋದಿಲ್ಲ.

ಚಿಕ್ಕವನಿದ್ದಾಗ ನಮ್ಮ ಬನಶಂಕರಿ ಮನೆಯ ಬೀಗದ ಕೈ ಕಳೆದಿತ್ತು. ಅಪ್ಪ ಫೋರ್ತ್ ಬ್ಲಾಕಿನ ಫುಟ್‌ಪಾತಿನಲ್ಲಿ ಕೂರುತ್ತಿದ್ದ ಬೀಗದ ಕೈಯವನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಬಂದರು. ಒಂದು ಕಬ್ಬಿಣದ ಬಳೆ ತುಂಬ ಕೀಲಿ, ಒಂದೆರಡು ಅರ, ಬಗ್ಗಿಸಿದ ತಂತಿ. ಅವನು ಕೆಲಸಕ್ಕೆ ಕೈ ಹಾಕೋ ಮುಂಚೆ ಪಕ್ಕದ ಮನೆಯ ಕಾಂಪೌಂಡಿನ ಹತ್ತಿರ ಹೋಗಿ ಅಜ್ಜಿಯನ್ನು ಕೇಳಿದ: "ಅಮ್ಮಾ, ಈ ಮನೆ ಇವರದೇ ತಾನೇ?" ಅಪ್ಪನಿಗೆ ಸಿಟ್ಟು ಬಂದಿತ್ತು. ಈಗ ಅನ್ನಿಸುತ್ತದೆ, ಎಂಥಾ ಒಳ್ಳೇ ಪ್ರಶ್ನೆ! ಆಂಟಿವೈರಸ್ಸಿಗೆ ಪಕ್ಕದ ಮನೆ ಅಜ್ಜಿ ಇಲ್ಲ. ಅದಕ್ಕೆ ಕಾಣೋದು ಅರ ಮತ್ತು ತಂತಿ ಮಾತ್ರ.

ಹಾಗಂತ ಆ ಕಂಪನಿಗಳು ಎಲ್ಲ ತಿಳಿದೂ ಪಾಪ ಅಸಹಾಯಕರು ಅಂದುಕೊಳ್ಳಬೇಡಿ. ಹೆಸರಿಡುವಾಗ ಅವರಿಗೆ ವ್ಯತ್ಯಾಸ ಚೆನ್ನಾಗೇ ಗೊತ್ತು. ಕ್ಯಾಸ್ಪರ್‌ಸ್ಕಿಯವರು ಇಂಥವಕ್ಕೆ ಇಡುವ ಹೆಸರು ಶುರುವಾಗೋದೇ 'ನಾಟ್-ಎ-ವೈರಸ್' ಅಂತ, ಆಮೇಲೆ 'ಪಿಎಸ್‌ಡಬ್ಲ್ಯು ಟೂಲ್'. ಮೈಕ್ರೋಸಾಫ್ಟ್‌ನವರದು 'ಹ್ಯಾಕ್‌ಟೂಲ್'. ಇಸೆಟ್‌ನವರು 'ಅಸುರಕ್ಷಿತವಾಗಿರಬಹುದಾದ ತಂತ್ರಾಂಶ' ಅಂತ ಬೇರೆಯೇ ಒಂದು ಕೋಣೆ ಮಾಡಿ, ಅದರ ಪತ್ತೆಯನ್ನು ನಾವಾಗಿ ಕೇಳಿದರೆ ಮಾತ್ರ ಚಾಲೂ ಮಾಡುತ್ತಾರೆ. ನನ್ನ ಪ್ರಕಾರ ಇದು ಮರ್ಯಾದಸ್ಥರ ದಾರಿ. ಆದರೆ ಮನೆಯಲ್ಲಿ ಕೂತ ಸಾಮಾನ್ಯನಿಗೆ ಹೆಸರಿನ ಒಳಾರ್ಥ ಎಲ್ಲಿ ಗೊತ್ತಾಗಬೇಕು? ಅವನಿಗೆ ಕಾಣೋದು ಕೆಂಪು ಪೆಟ್ಟಿಗೆ. ಬರೆದವನ ಮಾನ ಹೋಗೋದು ಅಲ್ಲಿ. 2009ರಲ್ಲಿ ನಿರ್ ಸೋಫರ್ ತನ್ನ ಬ್ಲಾಗಿನಲ್ಲಿ ಇದೇ ಗೋಳು ತೋಡಿಕೊಂಡಿದ್ದ, ಆಂಟಿವೈರಸ್ ಕಂಪನಿಗಳು ಸಣ್ಣ ತಂತ್ರಾಂಶಕಾರರಿಗೆ ದೊಡ್ಡ ತಲೆನೋವು ಅಂತ. ಕಳ್ಳರಿಗೆ ಪ್ರಿಯವಾಗಿದ್ದ, ಕಿಟಕಿ ತೆರೆಯದೇ ಗುಟ್ಟಾಗಿ ಓಡಿಸುವ ಆಜ್ಞೆಗಳನ್ನು ಕೆಲವು ಸಾರ್ವಜನಿಕ ಆವೃತ್ತಿಗಳಿಂದ ಅವನೇ ಕಿತ್ತುಹಾಕಿದ. ಆದರೂ ಕೆಂಪು ಪೆಟ್ಟಿಗೆ ನಿಲ್ಲಲಿಲ್ಲ.

ಒಬ್ಬರು ಕಳ್ಳ ಅಂದರೆ ಉಳಿದವರೂ ಕಳ್ಳ ಅನ್ನುವ ರೋಗವೂ ಇದೆ. 2010ರಲ್ಲಿ ಕ್ಯಾಸ್ಪರ್‌ಸ್ಕಿಯವರೇ ಇದನ್ನು ಬಯಲು ಮಾಡಿದರು. ಏನೂ ಕೆಡುಕು ಮಾಡದ 20 ಫೈಲು ತಯಾರಿಸಿ, ಅದರಲ್ಲಿ 10ಕ್ಕೆ ಬೇಕೆಂದೇ 'ಕೆಟ್ಟದ್ದು' ಅಂತ ಮುದ್ರೆ ಒತ್ತಿ, ಹತ್ತಾರು ಆಂಟಿವೈರಸ್‌ಗಳ ತೀರ್ಪನ್ನು ಒಟ್ಟಿಗೆ ತೋರಿಸುವ ವೈರಸ್‌ಟೋಟಲ್‌ಗೆ ಹಾಕಿದರು. ಹತ್ತು ದಿನದಲ್ಲಿ ಆ ನಿರಪರಾಧಿ ಫೈಲುಗಳನ್ನು ಬೇರೆ 14 ಕಂಪನಿಗಳವರೆಗೆ 'ಹೌದು ಹೌದು, ಕೆಟ್ಟದ್ದು' ಅನ್ನತೊಡಗಿದ್ದವು! ನಮ್ಮ ಬೀದಿಯ ಗಾಳಿಸುದ್ದಿಗೂ ಇದಕ್ಕೂ ಏನು ವ್ಯತ್ಯಾಸ ಹೇಳಿ.

ಇನ್ನೊಂದು ತಮಾಷೆ. ವಿಂಡೋಸ್ ಪಾಸ್‌ವರ್ಡ್ ಮುರಿಯುವುದರಲ್ಲಿ ಹೆಸರುವಾಸಿಯಾಗಿದ್ದ ಲಾಫ್ಟ್‌ಕ್ರ್ಯಾಕ್ ಅನ್ನುವ ತಂತ್ರಾಂಶ 1997ರಲ್ಲಿ ಬಂತು. ಅದರ ಒಡೆತನ ಕೈ ಬದಲಾಗುತ್ತಾ 2004ರಲ್ಲಿ ಯಾರ ಕೈ ಸೇರಿತು ಗೊತ್ತಾ? ನಾರ್ಟನ್ ಆಂಟಿವೈರಸ್ಸಿನ ಸಿಮ್ಯಾಂಟೆಕ್! ಸ್ವಲ್ಪ ಕಾಲ ಆಂಟಿವೈರಸ್ ಮಾರುವವರೇ ಪಾಸ್‌ವರ್ಡ್ ಮುರಿಯುವುದನ್ನೂ ಮಾರಿ, ಆಮೇಲೆ ನಿಲ್ಲಿಸಿದರು. 2009ರಲ್ಲಿ ಬರೆದವರೇ ವಾಪಸ್ ಕೊಂಡುಕೊಂಡರು.

ಮನುಷ್ಯರೇ ತೀರ್ಪು ಕೊಟ್ಟರೆ ಎಲ್ಲ ಸರಿಯಾಗುತ್ತದಾ ಅಂದರೆ ಅದೂ ಇಲ್ಲ. ಪರ್ಲ್ ಭಾಷೆಯ ಪುಸ್ತಕಗಳಿಂದ ನಿಮ್ಮಲ್ಲಿ ಕೆಲವರಿಗೆ ಪರಿಚಯವಿರುವ ರ‍್ಯಾಂಡಲ್ ಶ್ವಾರ್ಟ್ಸ್, 1993ರಲ್ಲಿ ಇಂಟೆಲ್‌ನಲ್ಲಿ ಕೆಲಸ ಮಾಡುತ್ತಿದ್ದಾಗ ಅಲ್ಲಿನ ಪಾಸ್‌ವರ್ಡ್ ಫೈಲಿನ ಮೇಲೆ 'ಕ್ರ್ಯಾಕ್' ಎಂಬ ಸಾಧನ ಓಡಿಸಿದ. ದುರ್ಬಲ ಪಾಸ್‌ವರ್ಡ್ ಎಷ್ಟಿವೆ ಅಂತ ತೋರಿಸೋಕೆ ಅಂದ. ಅನುಮತಿ ಕೇಳಿರಲಿಲ್ಲ. 1995ರಲ್ಲಿ ಆರೆಗಾನ್ ರಾಜ್ಯದ ನ್ಯಾಯಾಲಯ ಅವನನ್ನು ಅಪರಾಧಿ ಅಂದಿತು. ಆ ದಾಖಲೆ ಅಳಿಸಿಹೋಗಲು 2007ರವರೆಗೆ ಕಾಯಬೇಕಾಯಿತು. ಜರ್ಮನಿಯವರು 2007ರಲ್ಲಿ ಇಂಥ ಸಾಧನಗಳನ್ನು ಮಾಡೋದು, ಹಂಚೋದನ್ನೇ ಅಪರಾಧದ ವ್ಯಾಪ್ತಿಗೆ ತಂದರು. ಸುರಕ್ಷತೆಯ ಕೆಲಸ ಮಾಡುವವರು ಕಂಗಾಲಾಗಿ ನ್ಯಾಯಾಲಯಕ್ಕೆ ಹೋದರು. ಎರಡೂ ಕೆಲಸಕ್ಕೆ ಬರುವ ಸಾಧನಗಳಿಗೆ ಈ ಕಾಯ್ದೆ ತಗಲುವುದಿಲ್ಲ ಅಂತ ಅಲ್ಲಿನ ಸಂವಿಧಾನ ನ್ಯಾಯಾಲಯ 2009ರಲ್ಲಿ ಸ್ಪಷ್ಟಪಡಿಸಿತು.

ನಮ್ಮಲ್ಲಿ? ದೇಶದ ಮೊದಲ ಸೈಬರ್ ಅಪರಾಧ ಪೊಲೀಸ್ ಠಾಣೆ ಶುರುವಾದದ್ದು ನಮ್ಮ ಬೆಂಗಳೂರಿನಲ್ಲೇ, 2001ರಲ್ಲಿ, ಆಗ ಸಿಒಡಿ ಅಂತಿದ್ದ ಈಗಿನ ಸಿಐಡಿಯ ಅಡಿಯಲ್ಲಿ. ಅದರ ಹಿಂದಿನ ವರ್ಷವಷ್ಟೇ ಮಾಹಿತಿ ತಂತ್ರಜ್ಞಾನ ಕಾಯ್ದೆ ಜಾರಿಗೆ ಬಂದಿತ್ತು. ಅದರ 43ನೇ ಕಲಮಿನ ಜೀವಾಳ 'ಮಾಲೀಕರ ಅನುಮತಿ ಇಲ್ಲದೆ' ಅನ್ನೋ ಮಾತು. 2009ರ ಅಕ್ಟೋಬರಿನಿಂದ ಜಾರಿಯಾದ ತಿದ್ದುಪಡಿಯ 66ಸಿ ಕಲಮು ಇನ್ನೊಬ್ಬರ ಪಾಸ್‌ವರ್ಡನ್ನು ಮೋಸದಿಂದ ಇಲ್ಲವೇ ಅಪ್ರಾಮಾಣಿಕವಾಗಿ ಬಳಸಿದರೆ ಮೂರು ವರ್ಷದವರೆಗೆ ಸೆರೆ, ಒಂದು ಲಕ್ಷದವರೆಗೆ ದಂಡ ಅನ್ನುತ್ತದೆ. ಮೋಸದಿಂದ, ಅಪ್ರಾಮಾಣಿಕವಾಗಿ. ಕಾಯ್ದೆ ಕೂಡ ಬೀಗದ ಕೈಯವನ ಹಾಗೆ, ಪಕ್ಕದ ಮನೆ ಅಜ್ಜಿಯನ್ನು ಕೇಳಿಯೇ ಮುಂದುವರಿಯೋದು.

ಇಷ್ಟೆಲ್ಲ ತಲೆಗೆ ತುಂಬಿಕೊಂಡು ಮುಂದಿನ ಭಾನುವಾರ ಮತ್ತೆ ಏಳನೇ ಬ್ಲಾಕಿಗೆ ಹೋದೆ. ಆದರೆ ಮಾಲೀಕರೇ ಇಲ್ಲದ ಮೇಲೆ ಯಾರ ಅನುಮತಿ? ಇದನ್ನು ಹೇಗೆ ಶುರು ಮಾಡೋದು ಅಂತ ನಾನು ತಡವರಿಸುತ್ತಿದ್ದರೆ ದೊಡ್ಡಮ್ಮನೇ ಶುರು ಮಾಡಿದರು.

"ನಾನೂ ಯೋಚನೆ ಮಾಡಿದೆ ಕಣೋ. ಬ್ಯಾಂಕಲ್ಲಿ ಲಾಕರ್ ಇಟ್ಟವರು ತೀರಿಕೊಂಡು ಬೀಗದ ಕೈ ಸಿಗದಿದ್ರೆ ಹೇಗೆ ಒಡೆಸ್ತಿದ್ರು ಅಂತ ನಿಮ್ಮ ದೊಡ್ಡಪ್ಪ ಹೇಳ್ತಿದ್ರು. ವಾರಸುದಾರರನ್ನ ಕೂರಿಸಿಕೊಂಡು, ಸಾಕ್ಷಿ ಇಟ್ಕೊಂಡು, ಒಳಗಿದ್ದಿದ್ದನ್ನ ಒಂದೊಂದೇ ಪಟ್ಟಿ ಬರೆದು. ನಾವೂ ಹಾಗೇ ಮಾಡೋಣ. ಅವಳಿಗೆ ಬರೆದ ಕಾಗದ ಅವಳಿಗೆ. ಮಿಕ್ಕಿದ್ದು ಯಾರೂ ನೋಡೋ ಹಾಗಿಲ್ಲ."

ಹಾಗೇ ಆಯಿತು. ಅಕ್ಕ ಅಲ್ಲಿ ರಾತ್ರಿ ಹನ್ನೊಂದಕ್ಕೆ ವಾಟ್ಸ್ಯಾಪ್ ವಿಡಿಯೋದಲ್ಲಿ, ದೊಡ್ಡಮ್ಮ ಕನ್ನಡಕ ಹಾಕಿಕೊಂಡು ಪಕ್ಕದ ಕುರ್ಚಿಯಲ್ಲಿ. ನನ್ನ ಲ್ಯಾಪ್‌ಟಾಪಿನಲ್ಲಿ ಬ್ಯಾಂಕಿನ ವ್ಯವಹಾರವೆಲ್ಲ ಇರೋದರಿಂದ ಅದರ ಆಂಟಿವೈರಸ್ ಆರಿಸೋಕೆ ಮನಸ್ಸು ಬರಲಿಲ್ಲ. ಬರೆದವನ ಸ್ವಂತ ತಾಣದಿಂದಲೇ ಮತ್ತೆ ಇಳಿಸಿ, ಆ ಒಂದು ಫೈಲಿಗೆ ಮಾತ್ರ ವಿನಾಯಿತಿ ಕೊಟ್ಟು, ಅಲ್ಲಿ ಓಡಿಸದೆ ಪೆನ್‌ಡ್ರೈವಿಗೆ ಹಾಕಿ, ವಿನಾಯಿತಿ ವಾಪಸ್ ತೆಗೆದೆ. ನೆಟ್ ಸಂಪರ್ಕ ಕಿತ್ತಿದ್ದ ದೊಡ್ಡಪ್ಪನ ಯಂತ್ರದಲ್ಲಿ ಓಡಿಸಿದೆ. ಅದರ ಆಂಟಿವೈರಸ್ಸಿನ ಅವಧಿ ಯಾವ ಕಾಲದಲ್ಲೋ ಮುಗಿದಿದ್ದರಿಂದ ತಕರಾರು ಬರಲಿಲ್ಲ :-)

ಒಂದು ಕ್ಷಣವೂ ಆಗಲಿಲ್ಲ, ಮೂರು ಪಾಸ್‌ವರ್ಡ್ ತೋರಿಸಿತು. ಮೂರೂ ತಲೆಬುಡವಿಲ್ಲದ ಅಕ್ಷರಗಳು. ಮೊದಲನೆಯದನ್ನು ಹಾಕಿದೆ, ಗಂಟು ಬಿಚ್ಚಿಕೊಂಡಿತು.

ಅಕ್ಕ, "ಅಪ್ಪ ಇಟ್ಟಿದ್ದು ಇದೇನಾ? ಇದೇನು ವಿಚಿತ್ರ!" ಅಂದಳು. ಅಲ್ಲ ಅಂತ ವಿವರಿಸಬೇಕಾಯಿತು. ಹಳೇ ಔಟ್‌ಲುಕ್ ಪಿಎಸ್‌ಟಿಯ ಪಾಸ್‌ವರ್ಡನ್ನು ಸರಿಯಾಗಿ ರುಬ್ಬುತ್ತಲೂ ಇರಲಿಲ್ಲ. ಸಿಆರ್‌ಸಿ-32 ಅನ್ನೋ ಒಂದು ಲೆಕ್ಕ ಹಾಕಿ, ಬಂದ ಸಂಖ್ಯೆಯನ್ನು ಬರೆದಿಡುತ್ತಿತ್ತು ಅಷ್ಟೇ. ಆ ಲೆಕ್ಕ ಹುಟ್ಟಿದ್ದು ಗುಟ್ಟು ಕಾಯಲು ಅಲ್ಲ, ದತ್ತಾಂಶ ಸಾಗಿಸುವಾಗ ತಪ್ಪಾಗಿದೆಯಾ ಅಂತ ನೋಡಲು. ಬರಬಹುದಾದ ಉತ್ತರಗಳು ಸುಮಾರು 429 ಕೋಟಿ ಮಾತ್ರ, ಪದಗಳಿಗೋ ಲೆಕ್ಕವಿಲ್ಲ. ಹಾಗಾಗಿ ಒಂದೇ ಉತ್ತರ ಕೊಡುವ ಪದಗಳು ಬೇಕಾದಷ್ಟು, ಅದರಲ್ಲಿ ಯಾವುದು ಕೊಟ್ಟರೂ ಬಾಗಿಲು ತೆರೆಯುತ್ತದೆ. ತಂತ್ರಾಂಶ ಅಂಥ ಮೂರನ್ನು ಕಟ್ಟಿಕೊಡುತ್ತದೆ. ದೊಡ್ಡಪ್ಪ ಬೆರಳಿನಿಂದ ಒತ್ತಿದ ಪದ ಅದರಲ್ಲಿ ಇರಲೇಬೇಕು ಅಂತಿಲ್ಲ.

ಪತ್ರಗಳು ತೆರೆದುಕೊಂಡರೆ ಇನ್ನೊಂದು ಬೀಗ. ಹಳೇ ನುಡಿ ಅಕ್ಷರಗಳು ಯುನಿಕೋಡ್ ಅಲ್ಲವಲ್ಲ, ಅಕ್ಕನ ಫೋನಿನಲ್ಲಿ ಬರೀ ಕಾಗೆಕಾಲು ಗುಬ್ಬಿಕಾಲು. ಎಲ್ಲವನ್ನೂ ಪರಿವರ್ತಕಕ್ಕೆ ಹಾಕಿ ಕನ್ನಡ ಮಾಡಿ ಕಳಿಸಲು ಎರಡು ಸಂಜೆ ಹಿಡಿಯಿತು. ಒಟ್ಟು 211 ಪತ್ರ. ದೊಡ್ಡಮ್ಮ ತಾರೀಖಿನ ಸಮೇತ ನೋಟ್‌ಬುಕ್ಕಿನಲ್ಲಿ ಪಟ್ಟಿ ಬರೆದುಕೊಂಡು, ಕೆಳಗೆ ನನ್ನ ಕೈಲಿ ಸಹಿ ಹಾಕಿಸಿದರು. ಮಿಕ್ಕ ಫೋಲ್ಡರುಗಳನ್ನು ಮುಟ್ಟಲಿಲ್ಲ.

ಹೊರಡುವಾಗ ಗೇಟಿನ ತನಕ ಬಂದು ಕೇಳಿದರು.

"ಹಾಗಾದ್ರೆ ಅವರು ಇಟ್ಟಿದ್ದ ಪಾಸ್‌ವರ್ಡ್ ಏನು?"

"ಅದು ಇನ್ನು ಯಾರಿಗೂ ಗೊತ್ತಾಗಲ್ಲ ದೊಡ್ಡಮ್ಮ."

"ಒಳ್ಳೇದಾಯ್ತು ಬಿಡು" ಅಂದರು.